ಎಂಡಿಎಸ್ ಆದವರಿಗೆ ಕೆಲಸ ಎಲ್ಲಿದೆ?

ಕೇಳುಗರೇ, ನಮಸ್ಕಾರ.

ಇಂಟರ್ನ್‌ಶಿಪ್ ಸೇರಿ ದಂತವೈದ್ಯ ಪದವಿ ಬಿಡಿಎಸ್‌ಗೆ 5 ವರ್ಷ, ತಜ್ಞರಾಗುವ ಸ್ನಾತಕೋತ್ತರ ಪದವಿ ಎಂಡಿಎಸ್‌ಗೆ ಮತ್ತೆ 3 ವರ್ಷ. ಇಷ್ಟು ಓದಿದ ಮೇಲೆ ಕೆಲಸ ಸಿಕ್ಕೀತೇ ಎಂದು ತಂದೆತಾಯಿ ಕೇಳುವುದು ಸಹಜ. ಊರೂರಿನಲ್ಲಿ ಹಲ್ಲಿನ ಕ್ಲಿನಿಕ್‌ಗಳಿರುವಾಗ ತಜ್ಞರನ್ನು ಯಾರು ಕರೆಯುತ್ತಾರೆ?

ಆ ಕ್ಲಿನಿಕ್‌ನವರೇ ಕರೆಯುತ್ತಾರೆ. ಮುಂಭಾಗದ ಹಲ್ಲಿನ ರೂಟ್ ಕೆನಾಲನ್ನು ಬಿಡಿಎಸ್ ವೈದ್ಯರು ತಾವೇ ಮಾಡುತ್ತಾರೆ. ತೊಡಕು ದವಡೆ ಹಲ್ಲಿನದು. ಮೇಲಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು. ಕೆನ್ನೆ ಕಡೆಯ ಮುಂಬೇರಿನಲ್ಲಿ ಬಹಳ ಸಲ ಎರಡನೆಯ ನಾಳವೊಂದು ಡೆಂಟಿನ್ (ಎನಾಮಲ್ ಒಳಗಿನ ಹಲ್ಲಿನ ಗಟ್ಟಿ ಪದರ) ಅಂಚಿನಡಿ ಅವಿತಿರುತ್ತದೆ. ಅದು ತಪ್ಪಿಹೋದರೆ ಸೋಂಕು ಒಳಗೇ ಉಳಿದು, ಮೇಲೆ ಕ್ಯಾಪ್ ಹಾಕಿಸಿಕೊಂಡವರು ಕೆಲವು ತಿಂಗಳಿಗೆ ಕೀವು, ನೋವು ಎಂದು ಮರಳಿ ಬರುತ್ತಾರೆ. ಮೈಕ್ರೋಸ್ಕೋಪ್ ಇಟ್ಟು, ಅಲ್ಟ್ರಾಸೋನಿಕ್ ತುದಿಯಿಂದ ಆ ಅಂಚನ್ನು ಮೆಲ್ಲಗೆ ಕೆರೆದು ನಾಳ ಹುಡುಕುವ ಕೈಗೆ ಕೆಲಸ ತಪ್ಪದು. ಆದ್ದರಿಂದ ಸೀಟು ಆರಿಸುವಾಗ ಕಾಲೇಜಿನ ಹೆಸರಿಗಿಂತ ಮೊದಲು ಸೀನಿಯರ್‌ಗಳನ್ನು ವಿಚಾರಿಸಿ: ರೂಟ್ ಕೆನಾಲ್ ಕಲಿಸುವ ಎಂಡೋಡಾಂಟಿಕ್ಸ್ ವಿಭಾಗದಲ್ಲಿ ಮೈಕ್ರೋಸ್ಕೋಪ್ ಇದೆಯೇ? ವಿದ್ಯಾರ್ಥಿಯೇ ಸ್ವತಃ ಎಷ್ಟು ದವಡೆ ಹಲ್ಲು ಮಾಡುತ್ತಾನೆ?

ಹೊಸ ತಜ್ಞರು ಹೆಚ್ಚಾಗಿ ಕನ್ಸಲ್ಟೆಂಟ್ ಆಗಿಯೇ ಶುರುಮಾಡುತ್ತಾರೆ. ಫೈಲು ತಿರುಗಿಸುವ ಎಂಡೋಮೋಟರ್, ಬೇರಿನ ತುದಿ ಗುರುತಿಸುವ ಅಪೆಕ್ಸ್ ಲೊಕೇಟರ್, ನಾಳ ಶುಚಿಮಾಡುವ ಸಣ್ಣ ಸೂಜಿಯಂಥ ಫೈಲುಗಳನ್ನು ಬ್ಯಾಗಿಗೆ ಹಾಕಿಕೊಂಡು ನಾಲ್ಕೈದು ಕ್ಲಿನಿಕ್ ಸುತ್ತುವುದು. ಇಲ್ಲಿ ಮನಸ್ತಾಪ ಬರುವುದು ದುಡ್ಡಿನ ಲೆಕ್ಕದಲ್ಲಿ. ತಮ್ಮ ಪಾಲೆಷ್ಟು, ಒಳಗೆ ಮುರಿದ ಫೈಲಿನ ಖರ್ಚು ಯಾರದು, ಮರುಚಿಕಿತ್ಸೆ ಬಂದರೆ ಶುಲ್ಕ ಹೇಗೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಕ್ಲಿಪ್ ಹಾಕುವ ಆರ್ಥೊಡಾಂಟಿಕ್ಸ್‌ಗೆ, ಇಂಪ್ಲಾಂಟ್‌ಗೆ ಬೇಡಿಕೆ ಇದ್ದೇ ಇದೆ. ನನಗೆ ಚಿಂತೆ ಇರುವುದು ಬಾಯಿಯ ರೋಗ ಗುರುತಿಸುವ ಓರಲ್ ಮೆಡಿಸಿನ್, ಬಾಯಿಯ ಅಂಗಾಂಶ ಪರೀಕ್ಷಿಸುವ ಓರಲ್ ಪೆಥಾಲಜಿ, ಸಾರ್ವಜನಿಕ ದಂತ ಆರೋಗ್ಯ ವಿಭಾಗಗಳ ಬಗ್ಗೆ. ಇಂದು ಇವರಿಗೆ ಪಾಠ ಮಾಡುವ ಕೆಲಸ ಬಿಟ್ಟರೆ ದಾರಿ ಕಡಿಮೆ; ಸಿಬಿಸಿಟಿ (ದವಡೆಯ 3ಡಿ ಎಕ್ಸ್‌-ರೇ) ಸ್ಕ್ಯಾನ್ ಓದಿ ವರದಿ ಕೊಡುವುದು ಓರಲ್ ಮೆಡಿಸಿನ್‌ನವರಿಗೆ ಒಂದು ಹೊಸ ದಾರಿ.

ಆದರೆ ಅಡಿಕೆ, ಗುಟ್ಕಾ ಜಗಿಯುವ ನಮ್ಮ ನಾಡಿಗೆ ಇವರು ತೀರಾ ಬೇಕಾದವರು. ಮೊದಲು ಖಾರ ತಿಂದರೆ ಬಾಯಿ ಉರಿಯುತ್ತದೆ. ಆಮೇಲೆ ಕೆನ್ನೆಯೊಳಗೆ ನಾರಿನ ಪಟ್ಟಿ ಬಿಗಿದು, ಮೂರು ಬೆರಳು ಹೋಗಬೇಕಾದ ಬಾಯಿಗೆ ಎರಡೂ ಹೋಗುವುದಿಲ್ಲ. ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ ಸ್ಥಿತಿ ಇದು. ಎರಡು ವಾರವಾದರೂ ಮಾಯದ ಹುಣ್ಣನ್ನು ಕಂಡು ಕೂಡಲೇ ಬಯಾಪ್ಸಿ ಮಾಡಿಸುವ ಇಂಥ ತಜ್ಞರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಾಯಂ ಹುದ್ದೆ ಕೊಡಬೇಕು.

ನಮಸ್ಕಾರ.