500 ಪದದ ಅನುಭವ ಬರಹ: ಮೊದಲು ಆ "ಬೇಕು" ಹುಡುಕಿ

ಹಾಂ, ಕ್ಯಾಮೆರಾ ಆನ್ ಇದೆ. ಕೈ, ನೋಟ್‌ಬುಕ್ಕು, ಕಾಫಿ ಲೋಟ ಇಷ್ಟೇ ಕಾಣುತ್ತೆ, ಮುಖ ಬೇಡ ಬಿಡಿ. ಬದುಕು ಕಲಿಸಿದ ಪಾಠದ ಬಗ್ಗೆ ಒಂದು ಅನುಭವ ಬರಹ, 500 ಪದ. ಭಾನುವಾರದ ಪುರವಣಿಗೋ ಕಾಲೇಜು ಮ್ಯಾಗಜೀನಿಗೋ ಸರಿಹೋಗೋ ಅಳತೆ. ಕನ್ನಡದಲ್ಲಿ ಇದು ಧಾರಾಳವಾಗಿ ಸಾಕು. "ಹೋಗಬೇಕಾಗಿತ್ತಂತೆ" ಅನ್ನೋದು ನಮಗೆ ಒಂದೇ ಪದ ತಾನೆ?

ಪಟ್ಟಿ ಕಾಣ್ತಿದೆಯಲ್ಲ: ತಾಳ್ಮೆ, ಸ್ನೇಹ, ಸೋಲು, ಸಾಲ. ಎಲ್ಲದರ ಮೇಲೂ ಗೀಟು ಎಳೀತಿದ್ದೀನಿ. ಪಾಠದಿಂದ ಹೊರಟರೆ ಅದು ಸ್ವಾತಂತ್ರ್ಯ ದಿನಾಚರಣೆ ಭಾಷಣ ಆಗುತ್ತೆ. ಒಂದೇ ಜಾಗದಲ್ಲಿ, ಅರ್ಧ ಗಂಟೆಯೊಳಗೆ ನಡೆದ ಒಂದು ಸಂಗತಿ ಹಿಡೀರಿ. ಸಾಲವನ್ನೇ ತಗೊಳ್ಳಿ. "ಸಾಲ ಮನುಷ್ಯನನ್ನು ಕುಗ್ಗಿಸುತ್ತದೆ" ಅಂತ ಬರೆದರೆ ಓದುಗ ಪುಟ ತಿರುವ್ತಾನೆ. ಈಗ ಉದಾಹರಣೆಗೆ ಅಂತ ಬರೀತಿರೋದು ನೋಡಿ: "ಶೆಟ್ಟರ ಅಂಗಡಿ ಹತ್ತಿರವಾದಂತೆ ಅಪ್ಪ ರಸ್ತೆ ದಾಟಿ ಆಚೆ ಬದಿಗೆ ನಡೆದರು. ನನ್ನ ಕೈಯಲ್ಲಿ ಖಾಲಿ ಎಣ್ಣೆ ಬಾಟ್ಲಿ ಇತ್ತು." ಸಾಲ ಅನ್ನೋ ಪದವೇ ಬಂದಿಲ್ಲ. ಬಾಟ್ಲಿ ಖಾಲಿ, ಇವತ್ತೂ ತುಂಬಲ್ಲ, ಅಷ್ಟು ಗೊತ್ತಾದರೆ ಆಯ್ತು.

500ರಲ್ಲಿ 300 ಪದ ಆ ಸಂಗತಿಗೇ ಹೋಗಲಿ. ಊರು, ಮನೆತನ, ಹಿನ್ನೆಲೆಗೆ 70–80 ಮೀರಬಾರದು. ಇಲ್ಲೇ ಎಲ್ಲರೂ ಜಾರೋದು. ಅಜ್ಜನ ಕಾಲದಿಂದ ಶುರು ಮಾಡಿ, ಅಂಗಡಿ ತಲುಪೋ ಹೊತ್ತಿಗೆ ಪದಮಿತಿ ಮುಗಿದಿರುತ್ತೆ.

ಶುರುವಿಗೇ ಕಗ್ಗ ಬೇಡ. ಡಿವಿಜಿ 945 ಪದ್ಯ ಬರೆದಿಟ್ಟಿದ್ದಾರೆ, ನಮ್ಮವರು ಎತ್ತಿಕೊಳ್ಳೋದು ಮಾತ್ರ ಅದೇ ಬೆಟ್ಟ-ಹುಲ್ಲಿನ ಪದ್ಯ. ಗಾದೆಯೂ ಬೇಡ. ಹ್ಞೂಂ, ಪಾತ್ರದ ಬಾಯಲ್ಲಿ ಬಂದ್ರೆ ಗಾದೆ ಇರಲಿ. ಅಜ್ಜಿ ಗಾದೆ ಇಲ್ಲದೆ ಮಾತಾಡಿದ್ರೆ ಅಜ್ಜಿ ಅನ್ಸಲ್ಲ.

ಮೊದಲ ಕರಡು ಪೆನ್ನಲ್ಲೇ ಆಗಲಿ, ಅಳಿಸೋ ಚಟ ತಪ್ಪುತ್ತೆ. ಕೈಬರಹ ನಿಮಗೇ ಓದೋಕಾಗಲ್ಲ ಅಂದ್ರೆ ಮೊಬೈಲಲ್ಲೇ ಹೊಡೀರಿ, ಅದಕ್ಕೆ ಜಗಳ ಇಲ್ಲ.

ಈಗ ಕಂಪ್ಯೂಟರು. ಕಂಟ್ರೋಲ್ ಎಫ್ ಒತ್ತಿ "ಬೇಕು" ಅಂತ ಹುಡುಕೋದು. "ನಾನು" ಹೋಗಿ "ನಾವು" ಬಂದು, ಕ್ರಿಯಾಪದದ ಬಾಲಕ್ಕೆ "ಬೇಕು" ಅಂಟಿಕೊಂಡಿತು ಅಂದ್ರೆ ಉಪದೇಶ ಶುರುವಾಯ್ತು ಅಂತಲೇ. "ನಾವು ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು." ತೆಗೀರಿ. ಅಪ್ಪ "ಬೇಗ ಬರಬೇಕು" ಅಂದಿದ್ರೆ ಅದು ಮಾತು, ಇರಲಿ. ಸಾಮಾನ್ಯವಾಗಿ ಕೊನೇ ಪ್ಯಾರಾ ಪೂರ್ತಿ ಹಾರಿಹೋಗುತ್ತೆ. ಹೋಗಲಿ ಬಿಡಿ.

ನೋಡಿ ನೋಡಿ, ಹುಡುಕಿದ್ರೆ ಒಂದೂ ಸಿಗ್ತಿಲ್ಲ! ಕಣ್ಣೆದುರೇ ಮೂರು "ಬೇಕು" ಇವೆ. ಈ ಕಡತ ಹಳೇ ಆಸ್ಕಿ ಫಾಂಟಿನಲ್ಲಿದೆ. ಪರದೆ ಮೇಲೆ ಕನ್ನಡ, ಒಳಗೆ ಇರೋದು ಇಂಗ್ಲಿಷ್ ಲಿಪಿಯ ಸಂಕೇತಗಳು. ಫಾಂಟು ಬದಲಾಯಿಸ್ತೀನಿ, "ಕನ್ನಡ" ಅನ್ನೋ ಪದ ನೋಡಿ: ಪಿ, ತಲೆ ಮೇಲೆ ಗೆರೆ ಇರೋ ಎ, ಆಮೇಲೆ ಪೌಂಡ್ ಗುರುತು. ಪೌಂಡ್! ಸಂಪಾದಕರ ಮೇಲ್‌ನಲ್ಲಿ ಕಾಣೋದೂ ಇದೇ. ಅವರೇನು ಮಂತ್ರ ಓದ್ತಾರಾ? ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ರೆ ಇಂಥದ್ದೇ ಕಡತ ಕೈಗೆ ಬರೋ ಸಂಭವ ಈಗಲೂ ಇದೆ. "ಯೂನಿಕೋಡ್‌ನಲ್ಲಿ ಕೊಡಿ" ಅಂತ ಮೊದಲೇ ಹೇಳಿ, ದುಡ್ಡು ಕೊಡೋ ಮುಂಚೆ. ಯೂನಿಕೋಡ್ ಅಂದ್ರೆ ಪರದೆ ಮೇಲಷ್ಟೇ ಅಲ್ಲ, ಕಡತದ ಒಳಗೂ ಕನ್ನಡ ಅಕ್ಷರವೇ ಇರೋ ವ್ಯವಸ್ಥೆ.

ಆಸ್ಕಿ ಕಡತವನ್ನ ಯೂನಿಕೋಡ್ ಮಾಡೋ ಪರಿವರ್ತಕಕ್ಕೆ ಹಾಕಿದ ತಕ್ಷಣ ಕೆಲಸ ಮುಗಿಯಲ್ಲ. ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರದ ಆಮೇಲೆ ಕೂರುತ್ತೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಆ ಅದಲುಬದಲಲ್ಲಿ "ವರ್ಷ", "ಖರ್ಚು", "ಅರ್ಧ" ಇವು ಕೆಡಬಹುದು, ಒಂದೊಂದಾಗಿ ನೋಡ್ಕೊಳ್ಳಿ. ಇನ್ನೊಂದು ತಮಾಷೆ: ಕೊನೆಯಲ್ಲಿ ಇಂಗ್ಲಿಷಿನಲ್ಲಿ ಹಾಕಿದ ಇಮೇಲ್ ವಿಳಾಸವನ್ನೂ ಅದು ಕನ್ನಡ ಅಂದ್ಕೊಂಡು ಪರಿವರ್ತಿಸಿಬಿಡುತ್ತೆ. ಬರೋದು ಯಾವ ಭಾಷೆಯೋ ದೇವರಿಗೇ ಗೊತ್ತು. ವಿಳಾಸ ಪರಿವರ್ತನೆ ಆದ ಮೇಲೆ ಹಾಕಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಕ್ಕೆ ಬೆರಳು ಒಗ್ಗಿದೆ ಅನ್ನೋರು ಅದನ್ನ ಬಿಡೋದೇನೂ ಬೇಡ. ಕನ್ನಡ ಟೈಪ್ ಮಾಡೋ "ನುಡಿ" ತಂತ್ರಾಂಶದಲ್ಲಿ ಯೂನಿಕೋಡ್ ಆಯ್ಕೆ ಇದೆ, ಶುರುವಲ್ಲೇ ಅದನ್ನ ಒತ್ತಿಬಿಡಿ.

ಅಯ್ಯೋ, ಎಲ್ಲಿಗೋ ಹೋದೆ, ವಿಡಿಯೋ ಮುಗೀತಾ ಬಂತು. ಗಟ್ಟಿಯಾಗಿ ಓದಿ ಫೋನಲ್ಲಿ ರೆಕಾರ್ಡ್ ಮಾಡಿ ಕೇಳಿ. ಉಸಿರು ಕಟ್ಟಿದ ಕಡೆ ವಾಕ್ಯ ಮುರೀರಿ. "ಬಂದರು, ಕೂತರು, ನೋಡುತ್ತಾರೆ" ಅಂತ ಕಾಲ ಜಾರಿದ್ರೆ ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತೆ. ನಿರೂಪಣೆ ಶಿಷ್ಟ ಕನ್ನಡದಲ್ಲಿದ್ರೂ ಮನೆಯವರ ಮಾತು ಮನೆಯ ಕನ್ನಡದಲ್ಲೇ ಇರಲಿ. ಧಾರವಾಡದ ಅವ್ವ "ಎಲ್ಲಿಗ್ ಹೊಂಟಿ?" ಅಂತಾಳೆ, ಅವಳ ಬಾಯಿಗೆ "ಎಲ್ಲಿಗೆ ಹೋಗುತ್ತಿರುವೆ" ತುರುಕಬೇಡಿ.

ಕಳಿಸುವಾಗ ಮೇಲ್‌ನಲ್ಲಿ ಪದಸಂಖ್ಯೆ ಬರೀರಿ, ಬೇರೆಲ್ಲೂ ಪ್ರಕಟವಾಗಿಲ್ಲ ಅಂತಲೂ ಒಂದು ಸಾಲು. ಒಂದೇ ಬರಹ ಒಂದೇ ಸಲ ಎರಡು ಪತ್ರಿಕೆಗೆ ಬೇಡ. ಎರಡೂ ಕಡೆ ಅಚ್ಚಾದ್ರೆ ಇಬ್ಬರು ಸಂಪಾದಕರೂ ಮುನಿಸಿಕೊಳ್ತಾರೆ. ಬ್ಯಾಟರಿ ಕೆಂಪು ತೋರಿಸ್ತಿದೆ, ಕಾಫಿಯೂ ಆರಿತು. ಆಫ್ ಮಾಡ್ತೀನಿ.