ಮಳೆ ಮೇಲಕ್ಕೆ ಸುರಿದರೆ

ಎಲ್ಲರಿಗೂ ನಮಸ್ಕಾರ. ಸೀದಾ ಸಿನಿಮಾಕ್ಕೇ ಬರುತ್ತೇನೆ. ಥಾಯ್ಲೆಂಡಿನ ಪೆನ್-ಎಕ್ ರಟ್ಟನರುಯಾಂಗ್ 2011ರಲ್ಲಿ ತೆಗೆದ ಕ್ರೈಂ ಥ್ರಿಲ್ಲರ್ ಇದು. ಹೊರದೇಶಗಳಲ್ಲಿ ‘ಹೆಡ್‌ಶಾಟ್’ ಅಂತ ಹೆಸರು. ನನಗೆ ಜಾಸ್ತಿ ಇಷ್ಟವಾಗುವುದು ಥಾಯ್ ಹೆಸರು, ‘ಫೊನ್ ತೊಕ್ ಖುಎನ್ ಫಾ’. ಮಳೆ ಆಕಾಶಕ್ಕೆ ಸುರಿಯುತ್ತಿದೆ ಅಂತ ಅರ್ಥ. ವಿನ್ ಲ್ಯೋವಾರಿನ್ ಅವರ ಕಾದಂಬರಿಯಿಂದ ಬಂದ ಕಥೆ.

ತುಲ್ ಒಬ್ಬ ಬಾಡಿಗೆ ಕೊಲೆಗಾರ. ಉದ್ದ ಕೂದಲು ಬೋಳಿಸಿ, ಭಿಕ್ಷುವಿನ ವೇಷ ಹಾಕಿಕೊಂಡು ಒಬ್ಬನನ್ನು ಕೊಲ್ಲಲು ಹೋಗುತ್ತಾನೆ. ಅಲ್ಲಿ ಅವನ ತಲೆಗೇ ಗುಂಡು ಬೀಳುತ್ತದೆ. ಮೂರು ತಿಂಗಳು ಕೋಮಾ. ಎಚ್ಚರವಾದಾಗ ಕಣ್ಣಿಗೆ ಎಲ್ಲವೂ ತಲೆಕೆಳಗು.

ಆ ವೇಷದ ಬಗ್ಗೆ ಒಂದು ಮಾತು. ಥಾಯ್ಲೆಂಡಿನಲ್ಲಿ ಬೆಳಗಾಗುತ್ತಿದ್ದಂತೆ ಭಿಕ್ಷುಗಳು ಬರಿಗಾಲಲ್ಲಿ ಪಾತ್ರೆ ಹಿಡಿದು ಬೀದಿಗೆ ಬರುತ್ತಾರೆ. ಜನ ಚಪ್ಪಲಿ ಬಿಟ್ಟು, ಮಂಡಿಯೂರಿ ಅನ್ನ ಹಾಕುತ್ತಾರೆ. ಇದಕ್ಕೆ ‘ಬಿನ್ತಬಾತ್’ ಅನ್ನುತ್ತಾರೆ. ಪಾಲಿಯ ಪಿಂಡಪಾತವೇ ಅದು, ನಮ್ಮ ಕಿವಿಗೂ ದೂರದ ಪದವಲ್ಲ. ಆ ಹೊತ್ತಿನಲ್ಲಿ ಕಾವಿ ಬಟ್ಟೆಯನ್ನು ಅನುಮಾನದಿಂದ ನೋಡುವವರು ಯಾರೂ ಇರುವುದಿಲ್ಲ, ಅದಕ್ಕೇ ತುಲ್ ಅದನ್ನು ಆರಿಸಿಕೊಳ್ಳುತ್ತಾನೆ, ಮತ್ತು ಅಲ್ಲಿನ ಪ್ರೇಕ್ಷಕನಿಗೆ ಗುಂಡು ಹಾರುವ ಮೊದಲೇ ಎದೆ ಝಲ್ಲೆನ್ನುವುದೂ ಅದಕ್ಕೇ.

ಇನ್ನು ಆ ತಲೆಕೆಳಗಿನ ನೋಟ. ಸಿನಿಮಾ ಪೂರ್ತಿ ಹಾಗೇ ಇರುತ್ತೆ ಅಂದುಕೊಂಡು ಕೂತರೆ ನಿರಾಸೆಯಾಗುತ್ತದೆ. ಆಗಾಗ ಸ್ವಲ್ಪ ಹೊತ್ತು ಅವನ ಕಣ್ಣಿನಿಂದ ನೋಡುತ್ತೇವೆ, ಅಷ್ಟೇ. ನಿರ್ದೇಶಕರು ಅದನ್ನೊಂದು ಚಮತ್ಕಾರ ಮಾಡಿಕೊಳ್ಳಲಿಲ್ಲ, ಅದಕ್ಕೇ ನನಗೆ ಅವರ ಮೇಲೆ ಗೌರವ. ಕಥೆಯೇ ಹಿಂದೆ ಮುಂದೆ ಹಾರುತ್ತದೆ. ಗೊಂದಲವಾದರೆ ತುಲ್‌ನ ಕೂದಲು ನೋಡಿ, ಯಾವ ಕಾಲ ಅಂತ ಗೊತ್ತಾಗುತ್ತೆ.

ಹಿಂದಕ್ಕೆ ಹೋದರೆ ತಿಳಿಯುತ್ತದೆ, ಈ ಮನುಷ್ಯ ಮೊದಲು ಪೊಲೀಸ್. ಲಂಚ ಮುಟ್ಟದವನು. ಪ್ರಭಾವಿ ರಾಜಕಾರಣಿಯ ಕಡೆಯವರು ಹೆದರಿಸುತ್ತಾರೆ. ಬಗ್ಗದಿದ್ದಾಗ ಮಾಡದ ಅಪರಾಧಕ್ಕೆ ಸಿಕ್ಕಿಸಿ ಜೈಲಿಗೆ ಕಳಿಸುತ್ತಾರೆ. ಹೊರಗೆ ಬಂದವನನ್ನು, ಕಾನೂನಿನ ಕೈಗೆ ಸಿಗದ ದೊಡ್ಡವರನ್ನು ಮುಗಿಸುವ ಒಂದು ಗುಪ್ತ ಗುಂಪು ಸೇರಿಸಿಕೊಳ್ಳುತ್ತದೆ. ಈಗ ಹೇಳಿ, ಅವನ ಲೋಕ ತಲೆಕೆಳಗಾಗಿದ್ದು ಗುಂಡು ಬಿದ್ದಾಗಲಾ, ಜೈಲಿನ ಬಾಗಿಲು ಹಾಕಿದಾಗಲಾ? ನನ್ನ ಪ್ರಕಾರ ಜೈಲಿನ ದಿನವೇ. ಗುಂಡು ಬಿದ್ದ ಮೇಲೆ ಅದು ಕಣ್ಣಿಗೂ ಕಂಡಿತು.

ನಮ್ಮೆಲ್ಲರ ಕಣ್ಣಿನ ಹಿಂದಿನ ಪರದೆಯ ಮೇಲೆ ಚಿತ್ರ ಮೂಡುವುದೇ ತಲೆಕೆಳಗಾಗಿ. 1890ರ ದಶಕದಲ್ಲಿ ಜಾರ್ಜ್ ಸ್ಟ್ರಾಟನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಎಲ್ಲವನ್ನೂ ತಿರುಗಿಸಿ ತೋರಿಸುವ ಮಸೂರವನ್ನು ದಿನಗಟ್ಟಲೆ ಕಣ್ಣಿಗೆ ಕಟ್ಟಿಕೊಂಡು ಓಡಾಡಿದ. ಮೊದಮೊದಲು ತಡವರಿಸಿದವನು ನಿಧಾನಕ್ಕೆ ಒಗ್ಗಿಕೊಂಡ. ಸಿನಿಮಾ ನೋಡುವಾಗ ನನಗೆ ಭಯ ಹುಟ್ಟಿಸಿದ್ದು ಈ ಒಗ್ಗಿಕೊಳ್ಳುವುದೇ. ತುಲ್‌ನ ಸುತ್ತ ಇದ್ದವರು ಎಂದೋ ಒಗ್ಗಿಕೊಂಡಿದ್ದರು, ಅಲ್ವಾ? ಅವರಿಗೆ ಮಸೂರವೂ ಬೇಕಾಗಿರಲಿಲ್ಲ.

ಇಂಥ ಕರಾಳ ಕ್ರೈಂ ಸಿನಿಮಾಗಳಿಗೆ ‘ನ್ವಾರ್’ ಅನ್ನುತ್ತಾರೆ, ಫ್ರೆಂಚಿನಲ್ಲಿ ಕಪ್ಪು ಅಂತ ಅರ್ಥ. ಸುಮ್ನೆ ಕತ್ತಲೆ, ಮಳೆ, ಸಿಗರೇಟಿನ ಹೊಗೆ ತೋರಿಸಿದರೆ ನ್ವಾರ್ ಆಗುವುದಿಲ್ಲ. ಒಳ್ಳೆಯದಕ್ಕೇ ಅಂತ ಇಟ್ಟ ಹೆಜ್ಜೆಯೂ ಇನ್ನಷ್ಟು ಒಳಕ್ಕೆ ಎಳೆಯಬೇಕು. ಇಲ್ಲಿ ಹಾಗೇ ಆಗುತ್ತದೆ. ಕೆಲಸ ಬಿಡುತ್ತೇನೆ ಅಂದ ಕೂಡಲೇ ಬೇಟೆಗಾರನೇ ಬೇಟೆಯಾಗುತ್ತಾನೆ. ನೊಪಚೈ ಚೈಯನಾಮ್ ಈ ಪಾತ್ರವನ್ನು ಹೆಚ್ಚು ಮಾತಿಲ್ಲದೆ, ದಣಿದ ಮುಖದಲ್ಲೇ ಹೊತ್ತಿದ್ದಾರೆ.

ಇದೇ ನಿರ್ದೇಶಕರು 2013ರಲ್ಲಿ, ರಾಜನ ನಿರಂಕುಶ ಆಳ್ವಿಕೆ ಕೊನೆಗೊಳಿಸಿದ 1932ರ ಕ್ರಾಂತಿಯಿಂದ ಈಚಿನ ಥಾಯ್ ರಾಜಕೀಯದ ಬಗ್ಗೆ ಸಾಕ್ಷ್ಯಚಿತ್ರವೊಂದನ್ನು ಜೊತೆಗೂಡಿ ಮಾಡಿದರು. ಅದರ ಕೆಲವು ಮಾತುಗಳನ್ನು ಸೆನ್ಸಾರ್ ಕೇಳಿಸದಂತೆ ಮಾಡಿತು. ಅದು ಗೊತ್ತಾದ ಮೇಲೆ ನಾನು ಈ ಸಿನಿಮಾವನ್ನು ಮತ್ತೆ ನೋಡಿದೆ. ಈ ಸಲ ನನ್ನನ್ನು ಹಿಡಿದು ನಿಲ್ಲಿಸಿದ್ದು ಶುರುವಿನಲ್ಲಿ ತುಲ್ ತಲೆ ಬೋಳಿಸಿಕೊಳ್ಳುವ ದೃಶ್ಯ. ಮೊದಲ ಸಲ ಅದು ಬರೀ ವೇಷ ಅನ್ನಿಸಿತ್ತು.