ಎಂಟು ಪಿನ್ನಿನ ಸಾಕೆಟ್ಟಿನಿಂದ ನಲವತ್ತು ಪಿನ್ನಿನ ಚಿಪ್ಪಿಗೆ

ಬಾಗಲಕೋಟೆಯ ನವನಗರದ ನಮ್ಮ ಮನೆಯ ಮೇಜಿನ ಮೇಲೆ ಈಗ ಕಾಣುತ್ತಿರುವ ಈ ಪ್ರೋಗ್ರಾಮರ್, ಅಂದರೆ ಕಂಪ್ಯೂಟರಿನಿಂದ ಚಿಪ್ಪಿಗೆ ಕೋಡ್ ಏರಿಸುವ ಸಾಧನ, ಎಟಿಟೈನಿ85 ಎಂಬ ಪುಟ್ಟ ಚಿಪ್ಪಿಗೆಂದು ತಯಾರಾದದ್ದು. ಇದರ ಸಾಕೆಟ್ಟಿಗೆ ಇರುವುದು ಎಂಟೇ ಪಿನ್. ಹೋದ ವರ್ಷ ಕಾಕಾ ಅವರ ಹೊಲದ ಪಂಪ್‌ಸೆಟ್ಟಿಗೆ ಮಾಡಿಕೊಟ್ಟ ಟೈಮರಿಗೆ ಆ ಚಿಪ್ಪೇ ಸಾಕಾಗಿತ್ತು. ಈ ಸಲ ಅವರು, "ಇನ್ನ ಎಷ್ಟ್ ಹೊತ್ತ ಉಳದೈತಿ ಅಂತ ಕಾಣಬೇಕಲ್ಲೋ ತಮ್ಮಾ" ಎಂದರು. ಎರಡು ಸಾಲಿನ ಎಲ್‌ಸಿಡಿಯನ್ನು ನೇರವಾಗಿ ಜೋಡಿಸಲು ಕನಿಷ್ಠ ಆರು ಪಿನ್ ಬೇಕು. ವಿದ್ಯುತ್ತು, ಗ್ರೌಂಡ್, ರೀಸೆಟ್ ಬಿಟ್ಟರೆ ಎಟಿಟೈನಿಯಲ್ಲಿ ಉಳಿಯುವುದು ಐದು. ಹೀಗಾಗಿ ನಲವತ್ತು ಪಿನ್ನಿನ ಎಟಿಮೆಗಾ32 ತರಿಸಿದೆ.

ಹೊಸ ಪ್ರೋಗ್ರಾಮರ್ ಕೊಳ್ಳಲಿಲ್ಲ. ರೀಸೆಟ್ ಪಿನ್ನನ್ನು ಗ್ರೌಂಡಿಗೆ ಎಳೆದು ಹಿಡಿದಾಗ ಈ ಎರಡು ಚಿಪ್ಪುಗಳೂ ಮೊಸಿ (ಚಿಪ್ಪಿಗೆ ಹೋಗುವ ಮಾಹಿತಿ), ಮಿಸೊ (ಚಿಪ್ಪಿನಿಂದ ಬರುವ ಮಾಹಿತಿ), ಎಸ್‌ಸಿಕೆ (ತಾಳ ಹಾಕುವ ಗಡಿಯಾರ) ಎಂಬ ಮೂರು ತಂತಿಗಳ ಮೇಲೆ ಒಂದೇ ಬಗೆಯ ಆದೇಶಗಳನ್ನು ಸ್ವೀಕರಿಸುತ್ತವೆಯಾದ್ದರಿಂದ, ಮಿಕ್ಕ ಪಿನ್ನುಗಳು ಎಷ್ಟಿದ್ದರೂ ಪ್ರೋಗ್ರಾಮರಿಗೆ ಅದರ ಗೊಡವೆಯಿಲ್ಲ. ಅಡ್ಡಿ ಬರುವುದು ಮೆಮೊರಿ ದೊಡ್ಡದಾದಾಗ: ಒಂದೊಂದು ವಿಳಾಸಕ್ಕೆ ಎರಡು ಬೈಟ್ ಇರುವುದರಿಂದ 16 ಬಿಟ್ಟಿನ ವಿಳಾಸದಿಂದ 128 ಕೆಬಿ ಫ್ಲ್ಯಾಶನ್ನಷ್ಟೇ (ಕೋಡ್ ಇರುವ ಮೆಮೊರಿ) ಮುಟ್ಟಬಹುದು, ಎಟಿಮೆಗಾ2560ರಲ್ಲಿ 256 ಕೆಬಿ ಇರುವುದರಿಂದ ಮೇಲಿನ ಅರ್ಧಕ್ಕೆ ಬೇರೊಂದು ಆದೇಶವನ್ನು ಅರಿತ ಪ್ರೋಗ್ರಾಮರೇ ಬೇಕು. ನಮ್ಮ ಚಿಪ್ಪಿನದು ಬರೀ 32 ಕೆಬಿ.

ಸಾಕೆಟ್ಟಿನ 1ನೇ ಪಿನ್ನಿನಿಂದ ರೀಸೆಟ್ ತಂತಿ ದೊಡ್ಡ ಚಿಪ್ಪಿನ 9ಕ್ಕೆ, 5, 6, 7 (ಮೊಸಿ, ಮಿಸೊ, ಎಸ್‌ಸಿಕೆ) ಕ್ರಮವಾಗಿ 6, 7, 8ಕ್ಕೆ, 8ರ ವಿದ್ಯುತ್ತು 10ಕ್ಕೂ 30ಕ್ಕೂ, 4ರ ಗ್ರೌಂಡ್ 11ಕ್ಕೆ. ಜಂಪರ್ ವೈರುಗಳನ್ನು ಗೇಣುದ್ದಕ್ಕಿಂತ ಹೆಚ್ಚು ಬಿಡಬೇಡಿ.

ಮೊದಲ ಪ್ರಯತ್ನದಲ್ಲಿಯೇ ದೋಷದ ಸಂದೇಶ ಬಂದಿತು. ಚಿಪ್ಪು 1ಇ 95 02 ಎಂಬ ತನ್ನ ಗುರುತನ್ನು ಸರಿಯಾಗಿಯೇ ಹೇಳಿತ್ತು. ಹಳೆಯ ಕಮಾಂಡಿನಲ್ಲಿ ಎಟಿಟೈನಿಯ ಹೆಸರನ್ನು ಬದಲಿಸದೆ ಬಿಟ್ಟವನು ನಾನು. ಅದನ್ನು ತಿದ್ದಿದ ಮೇಲೆ ಕೋಡ್ ಏರಿತು, ಆದರೆ ಎಲ್‌ಸಿಡಿಯ ಮೇಲೆ ಒಂದು ಸಾಲು ಕಪ್ಪು ಚೌಕಗಳು ಮಾತ್ರ. ತಂತಿಗಳನ್ನು ಮೂರು ಬಾರಿ ಕಿತ್ತು ಜೋಡಿಸಿ ರಾತ್ರಿ ಕಳೆದ ನಂತರ ಡೇಟಾಶೀಟ್ ತೆರೆದೆ: ಈ ಚಿಪ್ಪು ಕಾರ್ಖಾನೆಯಿಂದ ಬರುವಾಗಲೇ ಅದರಲ್ಲಿ ಜೆಟ್ಯಾಗ್ ಎಂಬ, ದೋಷ ಹುಡುಕಲು ಬಳಸುವ ಸಂಪರ್ಕ ಚಾಲೂ ಇರುತ್ತದೆ, ನಾನು ಎಲ್‌ಸಿಡಿ ಜೋಡಿಸಿದ್ದ ಸಿ ಪೋರ್ಟಿನ ನಾಲ್ಕು ಪಿನ್ನುಗಳು ಅದರ ವಶದಲ್ಲಿರುತ್ತವೆ. ಜೆಟ್ಯಾಗ್ ಆರಿಸಲು, ಚಿಪ್ಪಿನ ಸೆಟ್ಟಿಂಗುಗಳನ್ನು ಹಿಡಿದಿಡುವ ಹೈ ಫ್ಯೂಸ್ ಎಂಬ ಬೈಟನ್ನು 99ರಿಂದ ಡಿ9ಕ್ಕೆ ಬದಲಿಸಿದೆ. ಕಪ್ಪು ಚೌಕಗಳು ಅಳಿಸಿ, ಉಳಿದ ನಿಮಿಷಗಳು ಮೂಡಿದವು.